ಪೊದೆಯಲ್ಲಿ ಕೂತ ಕ್ರಿಯಾಪದ

ಇಂಗ್ಲಿಷ್ ಪದಗಳ ವಿಚಾರದಲ್ಲಿ ನನ್ನನ್ನು ಮೀರಿಸುವವರು ಗುಬ್ಬಿಯಲ್ಲಿ ಯಾರೂ ಇರಲಿಲ್ಲ. ಇದು ಜಂಭದ ಮಾತಲ್ಲ. ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಅಂತ ಇದ್ದವನು ನಾನೊಬ್ಬನೇ! ಸ್ಪರ್ಧೆಯೇ ಇಲ್ಲದ ಕಡೆ ಗೆಲ್ಲುವುದು ಎಷ್ಟು ಸುಖ ಎಂದು ಗೆದ್ದವರಿಗೇ ಗೊತ್ತು.

ಬರೀ ಅರ್ಥ ಹೇಳಿ ಸುಮ್ಮನಾಗುವ ಜಾತಿಯವನಲ್ಲ ನಾನು. ಪದ ಎಲ್ಲಿ ಹುಟ್ಟಿತು, ಯಾವ ದೇಶದಲ್ಲಿ ಬೆಳೆಯಿತು, ಯಾರ ಸಂಗ ಮಾಡಿ ಇಂಗ್ಲಿಷಿಗೆ ಬಂತು, ಎಲ್ಲ ಹೇಳಬೇಕು. ಅದಕ್ಕೆಂದೇ ತುಮಕೂರಿನ ಹಳೇ ಪುಸ್ತಕದ ಅಂಗಡಿಯಿಂದ ಇಟ್ಟಿಗೆಯಷ್ಟು ದಪ್ಪದ ಒಂದು ನಿಘಂಟು ತಂದಿಟ್ಟುಕೊಂಡಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ದಿನ ಸಂಜೆ ಕರೆಂಟ್ ಹೋಗುವವರೆಗೆ ಅದನ್ನು ಓದುವುದು, ಹೋದ ಮೇಲೆ ಓದಿದ್ದನ್ನು ಗೊಣಗುತ್ತಾ ಓಡಾಡುವುದು ನನ್ನ ಅಭ್ಯಾಸ.

ಆ ದಿನ ಪಾಠದಲ್ಲಿ 'ಆಂಬುಷ್' ಎಂಬ ಕ್ರಿಯಾಪದ ಬಂತು. ನನಗೆ ಹಬ್ಬ!

"ಆಂಬುಷ್ ಅಂದ್ರೆ ಅವಿತುಕೊಂಡು ಹೊಂಚು ಹಾಕಿ ಶತ್ರುವಿನ ಮೇಲೆ ಎರಗುವುದು. ಇದು ಸೈನ್ಯದ ಮಾತು. ಹಳೇ ಫ್ರೆಂಚಿನಿಂದ ಇಂಗ್ಲಿಷಿಗೆ ಬಂತು. ಬೇರು ಹಿಡಿದು ಹೋದರೆ 'ಕಾಡಿನೊಳಗೆ' ಅಂತ ಅರ್ಥ. ಸೈನಿಕರು ಕಾಡು, ಪೊದೆ ಸೇರಿಕೊಂಡು ಕಾಯ್ತಿದ್ದರಲ್ಲ, ಅದರಿಂದ. ಬುಷ್ ಅಂದ್ರೆ ಪೊದೆ ಅಂತೀವಲ್ಲ, ಅದೂ ಇದೇ ವಂಶದ ದಾಯಾದಿ" ಎಂದೆ.

ನಿಟ್ಟೂರಿನಿಂದ ಬರುತ್ತಿದ್ದ ಒಬ್ಬ ಹುಡುಗ ಎದ್ದು ನಿಂತ. "ಸಾರ್, ಮನೆ ಕಿಟಕೀಲಿ ಕೂತ್ಕಂಡು ಹೊಂಚು ಹಾಕಿದ್ರೆ ಆಗಲ್ವಾ?"

"ಅದು ಸೋಮಾರಿತನ! ಪದದ ಬೇರಿನಲ್ಲಿ ಪೊದೆ ಇದೆ. ಪೊದೆ ಇಲ್ಲದೆ ಆಂಬುಷ್ ಇಲ್ಲ!"

ತರಗತಿ ನಕ್ಕಿತು. ನಾನೂ ನಕ್ಕೆ. ಹೀಗೆ ನಕ್ಕವನು ಅದೇ ವಾರ ಬಳ್ಳಾರಿ ಜಾಲಿಯ ಪೊದೆಯೊಳಗೆ ಹೆಂಡತಿಯ ಸೀರೆ ಹೊದ್ದು ಕೂತಿದ್ದ ಎಂದರೆ ಅದಕ್ಕೆ ಕಾರಣ ಹೇಳಲೇಬೇಕು.

ನಮ್ಮ ಬಾಡಿಗೆ ಮನೆ ಊರಿನ ಅಂಚಿನಲ್ಲಿ, ಕೆರೆಯ ಕಡೆಗಿತ್ತು. ಮನೆಯ ಮುಂದೆಯೇ ಮೂರು ಮಣ್ಣುದಾರಿಗಳು ಕೂಡುತ್ತಿದ್ದವು. ಕೂಡುವ ಜಾಗದ ಪಕ್ಕದಲ್ಲಿ ಆಳೆತ್ತರದ ಜಾಲಿ ಪೊದೆ. ಹಗಲು ಹೊತ್ತು ಅದೊಂದು ಸಾಮಾನ್ಯ ಪೊದೆ. ದೀಪ ಹಚ್ಚುವ ಹೊತ್ತಿಗೆ ಅದರ ಒಳಗೆ ಮಾತ್ರ ಕತ್ತಲೆ ಬೇಗ ತುಂಬಿಕೊಳ್ಳುತ್ತಿತ್ತು. ಸುತ್ತ ಇನ್ನೂ ಬೆಳಕಿರುವಾಗಲೇ ಒಳಗೆ ಏನೂ ಕಾಣುತ್ತಿರಲಿಲ್ಲ. ಅದರ ಕಡೆ ನೋಡದೆ ಗೇಟು ಹಾಕಿಕೊಂಡು ಬರುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಯಾಕೆ ಎಂದು ಕೇಳಿದ್ದರೆ ಸೊಳ್ಳೆ ಕಾಟ ಎನ್ನುತ್ತಿದ್ದೆ.

ನನ್ನ ಹೆಂಡತಿ ಲಲಿತ ಆಗ ತುಂಬು ಬಸುರಿ. ಅದಕ್ಕೆ ಮೊದಲು ಒಂದು ಮಗು ಹೊಟ್ಟೆಯಲ್ಲಿಯೇ ಹೋಗಿತ್ತು, ಸೀಮಂತ ಆದ ಮೇಲೆ. ಆ ಮಾತನ್ನು ನಾವಿಬ್ಬರೂ ಎತ್ತುತ್ತಿರಲಿಲ್ಲ. ಈ ಸಲ ಮಗಳನ್ನು ನೋಡಿಕೊಳ್ಳಲು ಕುಣಿಗಲ್ಲಿನಿಂದ ನಮ್ಮತ್ತೆ ಬಂದಿದ್ದರು. ಹೆರಿಗೆಗೆ ಅಲ್ಲಿಗೇ ಕರೆದುಕೊಂಡು ಹೋಗುವ ಮಾತೂ ಆಗಿತ್ತು.

ಅತ್ತೆ ಬಂದ ದಿನವೇ ಬಾಗಿಲಿಗೆ ಒಂದು ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ ಪೋಣಿಸಿ ಕಟ್ಟಿದರು. ನಾನು ಸಾಯಂಕಾಲ ಬಂದವನು ಅದನ್ನು ನೋಡಿ, ಮೂಢನಂಬಿಕೆಗಳ ಮೂಲ, ಬೆಳವಣಿಗೆ ಮತ್ತು ದುಷ್ಪರಿಣಾಮಗಳು ಎಂಬ ವಿಷಯದ ಮೇಲೆ ನಡುಮನೆಯಲ್ಲಿ ನಿಂತು ಭಾಷಣ ಮಾಡಿದೆ. ಅಷ್ಟಕ್ಕೇ ನಿಲ್ಲಿಸಿದೆನೇ? ಆ ನಿಂಬೆಹಣ್ಣನ್ನು ಬಿಚ್ಚಿಸಿ, ಪಾನಕ ಮಾಡಿಸಿ ಕುಡಿದೆ!

ಅತ್ತೆಯೇ ಲೋಟ ತಂದು ಕೊಟ್ಟರು. "ಸಕ್ಕರೆ ಸಾಕಾ, ಅಳಿಯಂದ್ರೇ?" ಎಂದು ಮಾತ್ರ ಕೇಳಿದರು. ಅಂದಿನಿಂದ ದಿನಾ ಸಂಜೆ ಗುಡಿಗೆ ಹೋಗಿ ಬರುತ್ತಿದ್ದರು. ನನ್ನ ಭಾಷಣ ನಾಟಿತು ಎಂದು ನಾನು ಸಂತೋಷಪಟ್ಟೆ.

ಅದಾದ ಮೇಲೆ ಶುರುವಾಯಿತು. ಒಂದು ಬೆಳಿಗ್ಗೆ ಕಾಲೇಜಿಗೆ ಹೊರಟು ಗೇಟು ತೆಗೆದರೆ, ಮೂರು ದಾರಿ ಕೂಡುವ ಕಡೆ ಎಕ್ಕದ ಎಲೆಯ ಮೇಲೆ ಕೆಂಪಗೆ ಕಲಸಿದ ಅನ್ನದ ಉಂಡೆಗಳು. ಪಕ್ಕದಲ್ಲಿ ಕುಂಕುಮ ಮೆತ್ತಿದ ನಿಂಬೆ ಹೋಳು, ಇದ್ದಿಲ ಚೂರು, ಉಪ್ಪು, ಒಣಮೆಣಸಿನಕಾಯಿ. ಕಾಗೆಗಳು ಬೇಲಿಯ ಮೇಲೆ ಕೂತಿದ್ದವು. ಒಂದೂ ಕೆಳಗಿಳಿದು ಅನ್ನ ಮುಟ್ಟಲಿಲ್ಲ.

ನನಗೆ ನಂಬಿಕೆಯಿಲ್ಲವಲ್ಲ! ಸ್ಕೂಟರನ್ನು ಅದರ ಮೇಲೆಯೇ ಹತ್ತಿಸಿಕೊಂಡು ಹೋದೆ. ರೈಲ್ವೆ ಗೇಟಿನ ಹತ್ತಿರ ಸ್ಕೂಟರ್ ನಿಂತುಹೋಯಿತು. ಪ್ಲಗ್ ಒರೆಸಿದೆ, ಕಿಕ್ಕರ್ ಒದ್ದೆ, ಬಗ್ಗಿಸಿದೆ, ಬೇಡಿಕೊಂಡೆ. ಕೊನೆಗೆ ತಳ್ಳಿಕೊಂಡು ಹೋದೆ.

ಪಕ್ಕದ ಮನೆಯ ರುದ್ರಪ್ಪನವರು ಕೊಬ್ಬರಿ ವ್ಯಾಪಾರದವರು. ಊರಿನ ಸಮಸ್ತ ಗುಪ್ತ ವಿಚಾರಗಳೂ ಅವರಿಗೆ ಗೊತ್ತು. ಇನ್ನೊಂದು ದಿನ ಅದೇ ಜಾಗದಲ್ಲಿ ಹೊಸ ಉಂಡೆಗಳು ಕಂಡಾಗ ಅವರು ಬೇಲಿಯಿಂದ ಕತ್ತು ಚಾಚಿದರು.

"ಮೇಷ್ಟ್ರೇ, ಇದು ಸುಮ್ನೆ ದೃಷ್ಟಿ ತೆಗ್ದಿರೋದಲ್ಲ. ಇದು ಮಾಟ. ನೋಡಿ, ಎಲೆ ತುದಿ ನಿಮ್ಮನೆ ಕಡೀಕೇ ಐತೆ."

"ಛೆ! ಗಾಳಿಗೆ ತಿರುಗಿರುತ್ತೆ ಬಿಡಿ."

"ಗಾಳಿಗೆ ಎಲೆ ತಿರುಗ್ತದೆ. ಅನ್ನದ ಉಂಡೆ ತಿರುಗ್ತದಾ? ಮನೇಲಿ ಬಸುರಿ ಹೆಂಗಸು ಅವ್ರೆ. ಹುಷಾರು ಕಣ್ರಪ್ಪಾ, ನಾನಂತೂ ಹೇಳೋದ್ ಹೇಳಿವ್ನಿ."

ಕೇಳಿಸದವನಂತೆ ಗೇಟು ಹಾಕಿಕೊಂಡೆ. ನಾನು ಪಾನಕ ಕುಡಿದವನು. ಭಯವಾಗುತ್ತಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಆದರೆ ಭಯವಾಗಿತ್ತು. ನಿಜವಾಗಿ ಆಗಿತ್ತು. ಲಲಿತ ಮಲಗಿರುವಾಗ ಅವಳ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಿಟ್ಟು, ಒಳಗಿನ ಮಗು ಒದೆಯುವವರೆಗೂ ಕಾಯುತ್ತಿದ್ದೆ. ಒದೆಯುವುದು ತಡವಾದರೆ ಒಂದು, ಎರಡು ಎಂದು ಎಣಿಸತೊಡಗುತ್ತಿದ್ದೆ. ಹೋದ ಸಲವೂ ಮಗು ಹೀಗೇ ಇದ್ದಕ್ಕಿದ್ದಂತೆ ಸುಮ್ಮನಾಗಿತ್ತು.

ಯಾರೋ ನನ್ನ ಮಗುವಿನ ಮೇಲೆ ಕಣ್ಣಿಟ್ಟಿದ್ದಾರೆ. ಅವರನ್ನು ಹಿಡಿಯಬೇಕು. ಹಿಡಿಯುವುದು ಹೇಗೆ? ಉತ್ತರ ನಿಘಂಟಿನಲ್ಲೇ ಇತ್ತು!

"ಲಲಿತಾ, ನಾನು ಈ ಅಮಾವಾಸ್ಯೆ ಸಂಜೆ ಆಂಬುಷ್ ಮಾಡ್ತೀನಿ" ಎಂದು ಘೋಷಿಸಿದೆ.

ಅವಳು ಸೊಪ್ಪು ಸೋಸುತ್ತಿದ್ದಳು. ಕೈ ನಿಂತಿತು. "ಏನ್ ಮಾಡ್ತೀರಿ?"

"ಪೊದೆಯಲ್ಲಿ ಅವಿತು ಕೂರ್ತೀನಿ. ಆ ಸಾಮಾನು ತಂದಿಡೋರು ಯಾರು ಅಂತ ಕೈಯಾರೆ ಹಿಡೀತೀನಿ."

"ಬೇಡ ಬಿಡ್ರೀ. ಯಾರೋ ಪಾಪ ಅವರ ಕಷ್ಟಕ್ಕೆ ಇಡ್ತಾರೆ. ನಿಮಗೇನ್ ಮಾಡ್ತದೆ ಅದು? ನಿಮಗೆ ನಂಬಿಕೇನೇ ಇಲ್ವಲ್ಲ."

"ನಂಬಿಕೆಯ ಪ್ರಶ್ನೆಯಲ್ಲ. ಇದು ನೈರ್ಮಲ್ಯದ ಪ್ರಶ್ನೆ!"

"ಹಂಗಾದ್ರೆ ಕಿಟಕಿಯಿಂದ ನೋಡಿ. ಮೂರುದಾರಿ ಚೆನ್ನಾಗಿ ಕಾಣುತ್ತೆ. ಕಾಫಿ ಕುಡ್ಕೊಂಡು ನೋಡಬಹುದು."

ಕಿಟಕಿಯಿಂದ ನೋಡಬಹುದಿತ್ತು. ಮಹನೀಯರೇ, ಈ ಒಂದು ಮಾತನ್ನು ಕೇಳಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ತರಗತಿಯಲ್ಲಿ ಅಷ್ಟು ಹುಡುಗರ ಮುಂದೆ ಹೇಳಿದ್ದೆನಲ್ಲ, ಪೊದೆ ಇಲ್ಲದೆ ಆಂಬುಷ್ ಇಲ್ಲ ಅಂತ! ಕಿಟಕಿಗೆ ಹೋದರೆ ಪದಕ್ಕೆ ಅವಮಾನ.

ಬಿಳಿ ಪಂಚೆಯಲ್ಲಿ ಹೋದರೆ ಮೈಲಿ ದೂರಕ್ಕೆ ಕಾಣುತ್ತೇನೆ. ಸೈನಿಕರು ಹಸಿರು ಉಡುತ್ತಾರೆ. ನನ್ನ ಬಳಿ ಹಸಿರು ಬಟ್ಟೆಯೇ ಇರಲಿಲ್ಲ. ಅಮಾವಾಸ್ಯೆಯ ದಿನ ಲಲಿತ ಹಿತ್ತಲಲ್ಲಿದ್ದಾಗ ಅವಳ ಟ್ರಂಕು ತೆಗೆದೆ. ತಳದಲ್ಲಿ ಮಡಿಸಿಟ್ಟಿದ್ದ ಒಂದು ಹಸಿರು ಸೀರೆ ಸಿಕ್ಕಿತು. ಕಡು ಹಸಿರು, ಹೇಳಿ ಮಾಡಿಸಿದ ಹಾಗಿತ್ತು. ಅದು ಯಾವ ಸೀರೆ ಎಂದು ಒಂದು ಕ್ಷಣ ಯೋಚಿಸಿದ್ದರೆ ಗೊತ್ತಾಗುತ್ತಿತ್ತು. ಹೋದ ಸಲದ ಸೀಮಂತಕ್ಕೆ ಅತ್ತೆ ತಂದು ಉಡಿಸಿದ್ದ ಸೀರೆ ಅದು. ಮಗು ಹೋದ ಮೇಲೆ ಲಲಿತ ಅದನ್ನು ತಳಕ್ಕೆ ಹಾಕಿದವಳು ಮತ್ತೆ ತೆಗೆದಿರಲಿಲ್ಲ. ಗಂಡಸರಿಗೆ ಸೀರೆಗಳ ನೆನಪು ಇರುವುದಿಲ್ಲ. ಸೀರೆಯ ಬಣ್ಣ ಮಾತ್ರ ಕಾಣುತ್ತದೆ.

ಅತ್ತೆ ಗುಡಿಗೆ ಹೊರಡುವ ಮೊದಲೇ, ಸಂಜೆಯ ಬೆಳಕು ಇನ್ನೂ ಇರುವಾಗ, ಹಿತ್ತಿಲ ಬಾಗಿಲಿನಿಂದ ಹೊರಬಿದ್ದೆ. ಸುತ್ತಿ ಬಂದು ಪೊದೆ ಹೊಕ್ಕೆ. ಸೀರೆಯನ್ನು ತಲೆಯ ಮೇಲಿಂದ ಹೊದ್ದು ಕುಕ್ಕರುಗಾಲಲ್ಲಿ ಕೂತೆ. ಫ್ರಾನ್ಸಿನ ಕಾಡುಗಳಲ್ಲಿ ಮುಳ್ಳು ಇರಲಿಲ್ಲವೋ ಏನೋ. ಬಳ್ಳಾರಿ ಜಾಲಿಯಲ್ಲಿ ಮುಳ್ಳು ಬಿಟ್ಟು ಬೇರೇನೂ ಇಲ್ಲ! ಕಿವಿಗೊಂದು, ಬೆನ್ನಿಗೊಂದು, ಹೇಳಲು ಬಾರದ ಕಡೆಗೊಂದು ಚುಚ್ಚಿಕೊಂಡಿತು.

ಕರೆಂಟ್ ಹೋಯಿತು. ಊರೆಲ್ಲ ಒಮ್ಮೆಗೇ ಮುಳುಗಿದಂತಾಯಿತು. ಕೆರೆಯ ಕಡೆಯಿಂದ ಕೆಸರಿನ ವಾಸನೆ ಬಂತು. ಕಪ್ಪೆಗಳು ವಟಗುಟ್ಟುತ್ತಿದ್ದವು. ಅದಕ್ಕೆ ಕಿವಿ ಹೊಂದಿಕೊಂಡಿತು ಅನ್ನುವಷ್ಟರಲ್ಲಿ ಎಲ್ಲ ಕಪ್ಪೆಗಳೂ ಒಟ್ಟಿಗೆ ಸುಮ್ಮನಾದವು. ಯಾರೋ ಬಾಯಿ ಮುಚ್ಚಿ ಎಂದು ಗದರಿಸಿದ ಹಾಗೆ. ನನ್ನ ಉಸಿರು ನನಗೇ ಕೇಳಿಸುತ್ತಿತ್ತು. ಉಸಿರು ಬಿಗಿಹಿಡಿದೆ. ಆಗಲೂ ಉಸಿರಾಟದ ಸದ್ದು ಕೇಳಿಸಿತು.

ನಾಯಿ, ಎಂದುಕೊಂಡೆ. ಹಂದಿ, ಎಂದುಕೊಂಡೆ. ಹಂದಿಯೇ ಆಗಿರಲಪ್ಪಾ ಎಂದು ಬೇಡಿಕೊಂಡೆ.

ಅಷ್ಟರಲ್ಲಿ ದಾರಿಯಲ್ಲಿ ಹೆಜ್ಜೆ ಸದ್ದು. ಬಂದ! ಇಣುಕಿ ನೋಡಿದೆ. ಪಂಚೆ ಮಡಚಿ ಕಟ್ಟಿದ ಒಂದು ಆಕಾರ, ಕೈಯಲ್ಲಿ ಏನೋ ಹಿಡಿದು ನೇರ ಪೊದೆಯ ಕಡೆಗೇ ಬರುತ್ತಿತ್ತು. ಹತ್ತಿರ ಬಂದಾಗ ಗುರುತು ಸಿಕ್ಕಿತು. ರುದ್ರಪ್ಪನವರು. ಕೈಯಲ್ಲಿದ್ದದ್ದು ಚೊಂಬು. ಮನೆಯಲ್ಲಿ ಕಕ್ಕಸು ಕಟ್ಟಿಸಿದ್ದರೂ ಬಯಲೇ ಸಲೀಸು ಎನ್ನುವ ಹಳೇ ಕಾಲದ ಮನುಷ್ಯ. ಪೊದೆಯ ಮರೆಗೆ ಬಂದು, ನನ್ನಿಂದ ಕೈಯಳತೆಯ ದೂರದಲ್ಲಿ, ಆಸೀನರಾಗಲು ಸಿದ್ಧರಾದರು.

ಸೈನ್ಯದ ಶಾಸ್ತ್ರದಲ್ಲಿ ಇಂಥ ಸಂದರ್ಭಕ್ಕೆ ಏನು ಆದೇಶವಿದೆಯೋ ನನಗೆ ಗೊತ್ತಿರಲಿಲ್ಲ. ಸುಮ್ಮನಿರೋಣ ಎಂದರೆ ಮುಂದಿನ ಪರಿಣಾಮ ಭೀಕರ! ಮೆಲ್ಲಗೆ ಕೆಮ್ಮಿದೆ.

ರುದ್ರಪ್ಪನವರು ತಿರುಗಿದರು. ಕತ್ತಲೆಯ ಪೊದೆಯೊಳಗೆ ತಲೆ ತುಂಬ ಸೆರಗು ಹೊದ್ದ ಒಂದು ಹೆಂಗಸು. ಗಂಡಸಿನ ಕೆಮ್ಮು.

"ಅವ್ವಾ..." ಎಂದರು, ಬಹಳ ಸಣ್ಣ ದನಿಯಲ್ಲಿ. ಚೊಂಬು ಕೈಜಾರಿತು. ಆ ವಯಸ್ಸಿನವರು ಅಷ್ಟು ವೇಗವಾಗಿ ಓಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಅದೂ ಪಂಚೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು.

ನಗು ಬಂತು. ಬಾಯಿ ಮುಚ್ಚಿಕೊಂಡು ನಗುತ್ತಿರುವಾಗ, ಯಾರೋ ನನ್ನ ಸೀರೆಯ ಸೆರಗನ್ನು ಹಿಡಿದು ಎಳೆದರು.

ಜೋರಾಗಿ ಅಲ್ಲ. ಮೆಲ್ಲಗೆ, ಕೆಳಗಿನಿಂದ. ಒಂದು ಸಲ ಎಳೆದು ಬಿಟ್ಟು ಮತ್ತೆ ಎಳೆದರು. ಏನಾದರೂ ಬೇಕಾದರೆ ಎಳೆಯುತ್ತಾರಲ್ಲ, ಹಾಗೆ.

ನಗು ನಿಂತಿತು. ಮುಳ್ಳು, ಎಂದುಕೊಂಡೆ. ಮುಳ್ಳಿಗೆ ಸೆರಗು ಸಿಕ್ಕಿದೆ. ಗಾಳಿಗೆ ಕೊಂಬೆ ಅಲ್ಲಾಡುತ್ತಿದೆ. ಗಾಳಿ ಇರಲಿಲ್ಲ. ಇರಲಿ ಬಿಡು, ಮುಳ್ಳೇ. ಪಕ್ಕಕ್ಕೆ ಮಾತ್ರ ನೋಡಲಿಲ್ಲ.

ಆಗ ಮೂರು ದಾರಿ ಕೂಡುವ ಕಡೆ ಇನ್ನೊಂದು ಆಕಾರ ಬಂದು ನಿಂತಿತ್ತು. ಯಾವಾಗ ಬಂತೋ ಗೊತ್ತಾಗಲಿಲ್ಲ, ಹೆಜ್ಜೆಯ ಸದ್ದೇ ಇರಲಿಲ್ಲ. ತಲೆಯ ಮೇಲಿಂದ ಕಪ್ಪು ಶಾಲು. ಮುಖವೇ ಇಲ್ಲದ ಹಾಗೆ. ಕೈಯಲ್ಲಿ ಮೊರ. ಅದು ಬಗ್ಗಿ ಎಲೆಯನ್ನು ನೆಲಕ್ಕಿಟ್ಟಿತು. ಉಂಡೆಗಳನ್ನು ಇಟ್ಟಿತು. ಇಡುತ್ತಾ ಒಂದು ಗಳಿಗೆ ತಡೆದು, ಪೊದೆಯ ಕಡೆ ಮುಖ ಮಾಡಿ ಹಾಗೇ ನಿಂತಿತು. ಆಮೇಲೆ ತಿರುಗಿ, ಒಂದು ಕಡೆಗೆ ವಾಲುತ್ತಾ ನಡೆಯತೊಡಗಿತು.

ಎರಗುವ ಸಮಯ! ಏಳಲು ನೋಡಿದೆ. ಕಾಲು ಜೋಮು ಹಿಡಿದಿತ್ತು. ಕೂತಲ್ಲಿಂದಲೇ ನನ್ನ ಬಾಯಿಂದ ಹೊರಟದ್ದು ಇಂಗ್ಲಿಷ್.

"ಹಾಲ್ಟ್! ಹೂ ಗೋಸ್ ದೇರ್?"

ಕಳ್ಳನಾಗಿದ್ದರೆ ಓಡುತ್ತಿದ್ದ. ಯಾವ ಮನುಷ್ಯನಾಗಿದ್ದರೂ ಬೆಚ್ಚಿ ತಿರುಗಿ ನೋಡುತ್ತಿದ್ದ. ಅದು ಎರಡನ್ನೂ ಮಾಡಲಿಲ್ಲ. ನಿಲ್ಲಲಿಲ್ಲ, ತಿರುಗಲಿಲ್ಲ, ಹೆಜ್ಜೆಯನ್ನು ಚುರುಕು ಕೂಡ ಮಾಡಲಿಲ್ಲ.

"ಯಾರದು? ನಿಲ್ಲು!" ಎಂದೆ, ಈ ಸಲ ಕನ್ನಡದಲ್ಲಿ.

ಅದು ವಾಲುತ್ತಾ ವಾಲುತ್ತಾ ನೇರವಾಗಿ ನಮ್ಮ ಮನೆಯ ಗೇಟಿನ ಹತ್ತಿರ ಹೋಯಿತು. ಗೇಟು ತೆಗೆಯಿತು. ಒಳಗೆ ಹೋಯಿತು.

ಒಳಗೆ ಲಲಿತ ಒಬ್ಬಳೇ ಇದ್ದಳು.

ಆಮೇಲೆ ನಿಘಂಟೂ ಇಲ್ಲ, ನೈರ್ಮಲ್ಯವೂ ಇಲ್ಲ. "ಲಲಿತಾ!" ಎಂದು ಅರಚಿಕೊಂಡು ಎದ್ದೆ. ಸೆರಗು ಬಿಡಲೊಲ್ಲದು. ಎಳೆದೆ, ಎದುರಿಂದಲೂ ಎಳೆಯಿತು. ಬಲವಾಗಿ ಜಗ್ಗಿದಾಗ ಪರ್ರನೆ ಹರಿಯಿತು. ಮುಖ ಕೈಯೆಲ್ಲ ಗೀರಿಸಿಕೊಂಡು, ಬರಿಗಾಲಲ್ಲಿ, ಅನ್ನದ ಉಂಡೆಗಳನ್ನು ತುಳಿದುಕೊಂಡು, ಸೀರೆಯನ್ನು ಹಿಂದೆ ಎಳೆದುಕೊಂಡು ಓಡಿದೆ. ಓಡುವಾಗ ಒಂದೇ ಮಾತು ಬಾಯಲ್ಲಿತ್ತು: ಇದನ್ನೂ ಕಿತ್ಕೋಬೇಡ, ಇದನ್ನೂ ಕಿತ್ಕೋಬೇಡ. ಯಾರಿಗೆ ಹೇಳುತ್ತಿದ್ದೆನೋ. ದೇವರಿಲ್ಲ ಎಂದು ವಾದಿಸುವವರಿಗೆ ಇದೊಂದು ತೊಂದರೆ, ಬೇಡಿಕೊಳ್ಳಲು ವಿಳಾಸವೇ ಇರುವುದಿಲ್ಲ.

ಮನೆಯ ಮೆಟ್ಟಿಲ ಹತ್ತಿರ ಆ ಆಕಾರ ನನಗೆ ಬೆನ್ನು ಮಾಡಿ ನಿಂತಿತ್ತು. ಬಕೆಟ್ಟಿನಿಂದ ನೀರು ಮೊಗೆದು ಕಾಲು ತೊಳೆದುಕೊಳ್ಳುತ್ತಿತ್ತು. ಒಂದು ಕಾಲು, ಇನ್ನೊಂದು ಕಾಲು, ಬಲು ನಿಧಾನ. ತೊಳೆದಾದ ಮೇಲೆ ಶಾಲು ಕೆಳಗಿಳಿಸಿ ಒಳಗಿನ ಕಡೆ ಕೂಗಿತು.

"ಲಲಿತಾ, ಟ್ರಂಕಲ್ಲಿ ಆ ಹಸಿರು ಸೀರೆ ಐತಾ ನೋಡೇ."

ನಮ್ಮತ್ತೆ!

"ಯಾಕಮ್ಮ?" ಒಳಗಿನಿಂದ ಲಲಿತಳ ದನಿ.

"ನೋಡು ಅಂದೆ. ಮೂರುದಾರಿ ಪೊದೇಲಿ ಯಾರೋ ಅದ್ನ ಹೊದ್ಕಂಡು ಕೂತಿದ್ರು. ನಾನೇ ಆರಿಸಿ ತಂದ ಸೀರೆ, ಆ ಜರಿ ಅಂಚು ಕತ್ತಲಲ್ಲೂ ನಂಗೊತ್ತಾಗಲ್ವಾ? ಅದೇನೋ ಭಾಷೇಲಿ ನನ್ನ ಕೂಗಿದ್ರು. ನಾನು ತಿರುಗ್ಲಿಲ್ಲ. ನಿನ್ನ ಹೆಸರು ಹಿಡ್ದೂ ಕೂಗಿದ್ರು. ಆಗ್ಲೂ ತಿರುಗ್ಲಿಲ್ಲ ಕಣೇ." ಅವರ ಕೈಯಲ್ಲಿದ್ದ ಚೊಂಬು ಬಕೆಟ್ಟಿಗೆ ಬಡಿದು ಸದ್ದು ಮಾಡುತ್ತಿತ್ತು.

"ಅತ್ತೆ..." ಎಂದೆ.

ಅವರು ತಿರುಗಿದರು. ಲಲಿತ ಲಾಟೀನು ಹಿಡಿದು ಬಾಗಿಲಿಗೆ ಬಂದಳು. ಅದೇ ಕ್ಷಣಕ್ಕೆ ಸರಿಯಾಗಿ ಕರೆಂಟೂ ಬಂತು! ನಮ್ಮ ವಿದ್ಯುತ್ ಇಲಾಖೆಗೆ ನನ್ನ ಮೇಲೆ ಅಷ್ಟೊಂದು ದ್ವೇಷ ಯಾಕೋ. ತಲೆಗೆ ಹರಿದ ಹಸಿರು ಸೀರೆ, ಮುಖದ ತುಂಬ ರಕ್ತದ ಗೀರು, ಕಾಲಿಗೆ ಕೆಂಪನ್ನ ಮೆತ್ತಿಕೊಂಡ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ನಲವತ್ತು ಕ್ಯಾಂಡಲ್ ಬಲ್ಬಿನ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣಿಸಿದರು.

"ಅಯ್ಯೋ ಶಿವನೇ" ಎಂದು ಅತ್ತೆ ಮೆಟ್ಟಿಲ ಮೇಲೆ ಕುಸಿದು ಕೂತರು. ಲಲಿತ ನನ್ನನ್ನು ನೋಡಿ ನಗಲು ಶುರು ಮಾಡಿದಳು. ನಗುತ್ತಾ ನಗುತ್ತಾ ಸೀರೆಯ ಹರಿದ ತುದಿಯನ್ನು ಕೈಯಲ್ಲಿ ಹಿಡಿದುಕೊಂಡು ನೋಡಿದಳು. ಆಮೇಲೆ ಅದು ನಗುವೋ ಅಳುವೋ ನನಗೆ ತಿಳಿಯಲಿಲ್ಲ.

"ಬಸುರಿ ಹೆಂಡ್ತಿ ಸೀರೆ ಹೊದ್ಕಂಡು, ಅಮಾವಾಸ್ಯೆ ದಿನ, ದೀಪ ಹಚ್ಚೋ ಹೊತ್ತಲ್ಲಿ ಮೂರುದಾರೀಲಿ ಹೋಗಿ ಕೂತಿದ್ರಲ್ಲ ಅಳಿಯಂದ್ರೇ, ಏನ್ ಮಾಡ್ತಿದ್ರಿ ಅಲ್ಲಿ?"

"ಆಂಬುಷ್, ಅ... ಅತ್ತೆ."

"ಅದ್ಯಾವ ದೇವ್ರು?"

"ದೇವರಲ್ಲ. ಕ್ರಿಯಾಪದ. ಫ್ರೆಂಚ್ ಭಾಷೆಯಿಂದ ಬಂದದ್ದು..."

"ಎಲ್ಲಿಂದಾದ್ರೂ ಬಂದಿರ್ಲಿ, ಮೊದ್ಲು ಕಾಲು ತೊಳ್ಕಳಿ!"

ಕಾಲು ತೊಳೆದುಕೊಂಡೆ. ಒಳಗೆ ಕೂತ ಮೇಲೆ ವಿಷಯ ಒಂದೊಂದಾಗಿ ಹೊರಬಂತು. ಮಧ್ಯಾಹ್ನ ನಾನು ಕಾಲೇಜಿನಲ್ಲಿರುವಾಗ ಅತ್ತೆ ಮಗಳನ್ನು ಕೂರಿಸಿ ನಿವಾಳಿಸುತ್ತಿದ್ದರು. ಅದನ್ನೆಲ್ಲ ಮೊರದಲ್ಲಿ ಹಾಕಿ ಒಗೆಯೋ ಕಲ್ಲಿನ ಹಿಂದೆ ಬಚ್ಚಿಡುತ್ತಿದ್ದರು. ಸಂಜೆ ಗುಡಿಯ ನೆಪ ಹೇಳಿ ಮೂರುದಾರಿಗೆ ಇಟ್ಟು ಬರುತ್ತಿದ್ದರು. ಇಟ್ಟವರು ಯಾರು ಕೂಗಿದರೂ ತಿರುಗಬಾರದು, ಮನೆಗೆ ಬಂದು ಕಾಲು ತೊಳೆಯುವವರೆಗೆ ತುಟಿ ಬಿಚ್ಚಬಾರದು.

"ಇಷ್ಟು ಹತ್ತಿರ ಯಾಕೆ ಇಡ್ತಿದ್ರಿ? ಊರಲ್ಲಿ ಬೇರೆ ಮೂರುದಾರಿ ಇರಲಿಲ್ವಾ?"

"ಮಂಡಿ ನೋವಲ್ವಾ ಅಳಿಯಂದ್ರೇ. ದೂರ ಹೋಗಕ್ಕಾಗಲ್ಲ."

ಇಷ್ಟೇ! ನನ್ನ ನಿದ್ದೆ ಕದ್ದ ಮಾಟದ ಹಿಂದಿದ್ದದ್ದು ಮಂಡಿ ನೋವು. ಲಲಿತಳ ಕಡೆ ತಿರುಗಿದೆ. "ನಿನಗೆ ಗೊತ್ತಿತ್ತು. ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಫಲ ಹೋಗುತ್ತೆ ಅಂತ ಅಮ್ಮ ಆಣೆ ಹಾಕಿಸ್ಕೊಂಡಿದ್ಲು. ಕಿಟಕಿಯಿಂದ ನೋಡಿ ಅಂತ ಬಡ್ಕೊಂಡೆ. ನೋಡಿದ್ರೆ ನಿಮಗೇ ಗೊತ್ತಾಗ್ತಿತ್ತು, ನಾನು ಹೇಳಿದ ಹಾಗೂ ಆಗ್ತಿರ್ಲಿಲ್ಲ. ಕೇಳಿದ್ರಾ?"

ಅತ್ತೆ ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು ಒಂದೊಂದೇ ಮುಳ್ಳು ಕೀಳುತ್ತಿದ್ದರು. ತಲೆಯೆತ್ತದೆ ಹೇಳಿದರು. "ಹೋದ ಸಲ ನಾನೇನೂ ಮಾಡ್ಲಿಲ್ಲ. ಓದಿದೋರ ಮನೆ, ನಮ್ಮಂಥೋರು ಬಾಯಿ ಹಾಕ್ಬಾರ್ದು ಅಂತ ಸುಮ್ನಿದ್ದೆ. ಅದ್ರಿಂದಲೇ ಹೋಯ್ತು ಅಂತ ನಾನೇನ್ ಅನ್ನಲ್ಲ. ಆದ್ರೆ ಈ ಸಲ ಸುಮ್ನಿರಕ್ಕೆ ನನ್ ಕೈಲಿ ಆಗ್ಲಿಲ್ಲ ಅಳಿಯಂದ್ರೇ. ನೀವು ಬೈದ್ರೂ ಸರಿ."

ಬೈಯುವುದೆಲ್ಲಿ ಬಂತು. ನನಗೆ ತುಂಬಾ ನಾಚಿಕೆಯಾಯಿತು. ಯಾವ ಕೈ ನನ್ನ ಮಗುವಿನ ಮೇಲೆ ಬಿದ್ದಿದೆ ಎಂದು ನಾನು ಹೆದರಿ ಸಾಯುತ್ತಿದ್ದೆನೋ ಅದು ಮಗುವನ್ನು ಕಾಯುತ್ತಿದ್ದ ಕೈ. ನಾನು ಪಾನಕ ಕುಡಿದು ಕೂತಿದ್ದಾಗ ಆ ಹೆಂಗಸು ನೋಯುವ ಮಂಡಿಯಲ್ಲಿ ಕತ್ತಲೆಗೆ ಹೋಗಿ ಬರುತ್ತಿದ್ದರು. ಇದನ್ನು ಬಾಯಿಬಿಟ್ಟು ಹೇಳಿದೆ. ಅತ್ತೆ "ಆಯ್ತು ಬುಡಿ" ಎಂದರು.

ಮುಳ್ಳು ಕೀಳುವುದು ಮುಗಿಯಿತು. ಅವರು ಸೆರಗಿನ ಹರಿದ ತುದಿಯನ್ನು ಬೆರಳಿನಿಂದ ನೇವರಿಸುತ್ತಾ ನನ್ನನ್ನು ನೋಡಿದರು.

"ಅದ್ಸರಿ, ನಿಮ್ಮ ಪಕ್ಕದಲ್ಲಿ ಯಾರು ಕೂತಿದ್ದು?"

"ಎಲ್ಲಿ?"

"ಪೊದೇಲಿ. ನಾನು ಎಲೆ ಇಡೋವಾಗ ಕಣ್ಣಂಚಿಗೆ ಕಾಣ್ತು. ಸಣ್ಣದು. ಸೆರಗು ಹಿಡ್ಕಂಡು ಕೂತಿತ್ತಲ್ಲ."

"ಮುಳ್ಳು, ಅತ್ತೆ. ಮುಳ್ಳಿಗೆ ಸಿಕ್ಕಿತ್ತು."

ಅವರು ಮಗಳ ಕಡೆ ಒಮ್ಮೆ ನೋಡಿದರು. ಲಲಿತ ಅಡುಗೆ ಮನೆಯ ಕಡೆ ಹೋಗಿದ್ದಳು. "ಹೂಂ. ಮುಳ್ಳೇ ಇರ್ಬೇಕು ಬುಡಿ" ಎಂದು ಸೀರೆಯನ್ನು ಮಡಿಸಿ ಎದೆಗೆ ಅವುಚಿಕೊಂಡು ಎದ್ದುಹೋದರು. ನನ್ನ ಕಾಲೆಳೆದರೋ, ನಿಜ ಹೇಳಿದರೋ? ಈವತ್ತಿಗೂ ಕೇಳುವ ಧೈರ್ಯವಾಗಿಲ್ಲ.

ಮಾರನೆಯ ದಿನ ಗುಬ್ಬಿಯ ತುಂಬ ಒಂದೇ ಸುದ್ದಿ. ರುದ್ರಪ್ಪನವರ ಹೇಳಿಕೆಯ ಪ್ರಕಾರ ಮೂರುದಾರಿಯ ಮೋಹಿನಿ ಹಸಿರು ಸೀರೆ ಉಡುತ್ತಾಳೆ, ಕೆಮ್ಮುತ್ತಾಳೆ, ಇಂಗ್ಲಿಷ್ ಮಾತಾಡುತ್ತಾಳೆ. ಮನೆಯ ಕಕ್ಕಸಿನ ಉಪಯೋಗವನ್ನು ಅವರು ಅಂದಿನಿಂದಲೇ ಆರಂಭಿಸಿದರು. ತರಗತಿಯಲ್ಲಿ ನಿಟ್ಟೂರಿನ ಅದೇ ಹುಡುಗ ನನ್ನ ಮುಖದ ಗೀರುಗಳನ್ನು ನೋಡಿ, "ಸಾರ್, ಏನಾಯ್ತು?" ಎಂದ. "ಬೆಕ್ಕು" ಎಂದೆ. ಇಡೀ ತರಗತಿ ಒಳ್ಳೆ ದೊಡ್ಡ ಬೆಕ್ಕಿರಬೇಕು ಎನ್ನುವ ಹಾಗೆ ತಲೆಯಾಡಿಸಿತು.

ಆಮೇಲೆ ಅತ್ತೆಯ ಮಂಡಿ ಇನ್ನೂ ಕೆಟ್ಟಿತು. ಹಾಗಂತ ನಿವಾಳಿಸುವುದನ್ನು ಅರ್ಧಕ್ಕೆ ಬಿಡುವಂತಿರಲಿಲ್ಲ. ಮೂರುದಾರಿಗೆ ಹೋಗಿ ಬರುವ ಕೆಲಸ ಯಾರ ತಲೆಗೆ ಬಂತು ಎಂದು ಬಾಯಿಬಿಟ್ಟು ಹೇಳಬೇಕೇ? ಶಾಲು ನನ್ನ ಎತ್ತರಕ್ಕೆ ಸ್ವಲ್ಪ ಗಿಡ್ಡವಾಗುತ್ತಿತ್ತು, ಅಷ್ಟೇ.

ಮಗಳು ಕುಣಿಗಲ್ಲಿನಲ್ಲಿ ಹುಟ್ಟಿದಳು. ಗುಂಡಗೆ, ಕೆಂಪಗೆ, ಊರಿಗೆಲ್ಲ ಕೇಳುವ ಹಾಗೆ ಅಳುತ್ತಾ. ಆಸ್ಪತ್ರೆಯ ಹೊರಗೆ ಆ ಅಳು ಕೇಳಿದಾಗ ನಾನು ಗೋಡೆಗೆ ಮುಖ ಮಾಡಿ ನಿಂತು ಅತ್ತುಬಿಟ್ಟೆ. ಇಂಗ್ಲಿಷಿನ ಒಂದು ಪದವೂ ನೆನಪಾಗಲಿಲ್ಲ.

ಈಗ ಅವಳಿಗೆ ಟ್ಯೂಷನ್ನಿಗೆ ಹೋಗುವ ವಯಸ್ಸು. ಹೊಸ ಶತಮಾನ ಬಂದು, ಮೂರುದಾರಿಗೆ ಟಾರು ಬಿದ್ದು, ಬೀದಿ ದೀಪವೂ ಬಂದಿದೆ. ನಾವು ಅದೇ ಮನೆಯಲ್ಲಿದ್ದೇವೆ. ನನಗೆ ಇವುಗಳಲ್ಲಿ ನಂಬಿಕೆಯಿಲ್ಲ, ಈಗಲೂ ಇಲ್ಲ. ಆದರೆ ಅಮಾವಾಸ್ಯೆ ಸಂಜೆ ಮಗಳಿಗೆ ನಿವಾಳಿಸಿದ ಮೊರವನ್ನು ನಾನೇ ಹಿಡಿದು ಹೋಗಿ ಇಟ್ಟು ಬರುತ್ತೇನೆ. ನನ್ನ ಮಗಳು ತುಂಬಾ ತುಂಟಿ. ನಾನು ಇಟ್ಟು ಹೊರಟ ಕೂಡಲೇ ಎಲ್ಲೋ ಅವಿತುಕೊಂಡು "ಅಪ್ಪಾ!" ಎಂದು ಹಿಂದಿನಿಂದ ಕೂಗುತ್ತಾಳೆ. ತಿರುಗಿ ನೋಡಿದರೆ ಕೈತಟ್ಟಿ ನಗಬಹುದು ಎಂದು ಅವಳ ಆಸೆ. ನಾನು ತಿರುಗುವುದಿಲ್ಲ. ಮೊರ ಹಿಡಿದುಕೊಂಡು, ಮಾತಾಡದೆ, ನೇರ ಮನೆಗೆ ಬಂದು ಕಾಲು ತೊಳೆದುಕೊಳ್ಳುತ್ತೇನೆ.

"ಮಗಳು ತಮಾಷೆಗೆ ಕೂಗಿದ್ರೂ ತಿರುಗಲ್ವಲ್ರೀ, ಅಷ್ಟೊಂದು ಹೆದರಿಕೇನಾ?" ಎಂದು ಲಲಿತ ರೇಗಿಸುತ್ತಾಳೆ.

ನಾನು ಅವಳಿಗೆ ಹೇಳಿಲ್ಲ. ಕೆಲವು ಸಲ "ಅಪ್ಪಾ" ಎಂದು ಕೂಗು ಕೇಳಿದ ಸಂಜೆ, ಮಗಳು ಇನ್ನೂ ಟ್ಯೂಷನ್ನಿನಿಂದ ಬಂದೇ ಇರುವುದಿಲ್ಲ.